ಗ್ಯಾಸು ಎಲ್ಲಿ ಹೋಯಿತು?

ವೈಶಾಖ ಕಾಲಿಟ್ಟಿತೆಂದರೆ ಶ್ರೀನಿವಾಸಪುರದ ಸೀಮೆಯಲ್ಲಿ ಮಾವಿನ ಮಾತಲ್ಲದೆ ಬೇರೆ ಮಾತಿಲ್ಲ. ಯಾರ ತೋಟ ಎಷ್ಟಕ್ಕೆ ಹೋಯಿತು, ಮಂಡಿಯಲ್ಲಿ ಧಾರಣೆ ಏರಿತೆ ಇಳಿಯಿತೆ, ಆಲಿಕಲ್ಲಿನ ಮಳೆ ಬಂದೀತೆ ಎಂಬ ಚಿಂತೆಯಲ್ಲಿ ಊರಿಗೆ ಊರೇ ಮುಳುಗಿರುತ್ತದೆ. ಅಂಥ ಗದ್ದಲದ ನಡುವೆಯೂ ಒಂದು ಮನೆಯಲ್ಲಿ ಮಾತ್ರ ಆ ಬೇಸಗೆಯೆಲ್ಲ ಗ್ಯಾಸಿನ ಸುದ್ದಿಯೇ ನಡೆದಿತ್ತು. ಅಡುಗೆಮನೆಯ ಗ್ಯಾಸಲ್ಲ, ಕಾರಿನ ಗ್ಯಾಸು.

ಮನೆಯ ಯಜಮಾನರು ಪ್ರೌಢಶಾಲೆಯ ವಿಜ್ಞಾನದ ಮೇಷ್ಟರು. ಕಾರು ಹನ್ನೆರಡು ವರ್ಷ ಹಳೆಯದು. ಎರಡನೆಯ ಕೈಯಿಂದ ಕೊಂಡದ್ದು. ಅದನ್ನು ಅವರು ಕೊಂಡದ್ದು ಷೋಕಿಗಲ್ಲ. ಅವರ ತಾಯಿಗೆ ಅರವತ್ತೆಂಟರ ವಯಸ್ಸಿನಲ್ಲಿ ಮೂತ್ರಪಿಂಡಗಳು ಕೈಕೊಟ್ಟವು. ಅಂದಿನಿಂದ ವಾರಕ್ಕೆ ಮೂರು ಬಾರಿ ಕೋಲಾರದ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ದಾರಿ ಹೆಚ್ಚಿಲ್ಲ, ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಆದರೆ ಆ ರೋಗದ ಕಟ್ಟಳೆ ಕಠಿನವಾದದ್ದು. ಕುಡಿದ ನೀರು ಹೊರಗೆ ಹೋಗುವ ದಾರಿ ಮುಚ್ಚಿರುವುದರಿಂದ ದಿನದ ನೀರನ್ನು ಲೋಟದಲ್ಲಿ ಅಳೆದು ಕುಡಿಯಬೇಕು. ಬಿಸಿಲಿನಲ್ಲಿ ನಡೆದು ಬಂದವನು ಒಂದು ಚೊಂಬು ನೀರು ಕುಡಿದು 'ಉಸ್' ಎನ್ನುವಂಥ ಸುಖ ಆ ರೋಗಿಗಿಲ್ಲ. ಎಳನೀರಿನಲ್ಲಿ ಪೊಟಾಸಿಯಂ ಹೆಚ್ಚೆಂದು ಅದೂ ವರ್ಜ್ಯ. ಮಾವಿನ ಸೀಮೆಯಲ್ಲಿ ಹುಟ್ಟಿ, ಮಾವಿನ ಸೀಮೆಗೇ ಸೊಸೆಯಾಗಿ ಬಂದ ಆ ತಾಯಿ ಅದೇ ಕಾರಣಕ್ಕೆ ಮಾವಿನ ಹೋಳನ್ನೂ ಎಣಿಸಿ ತಿನ್ನಬೇಕಾಗಿತ್ತು.

ಇಂಥವರನ್ನು ಮೇ ತಿಂಗಳ ಮಧ್ಯಾಹ್ನ ಕಾದ ಕಾರಿನಲ್ಲಿ ಕೂಡಿಸಿಕೊಂಡು ಹೋಗುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಕಿಟಕಿ ತೆರೆದರೆ ಜಲ್ಲಿಯ ಲಾರಿಗಳ ಧೂಳು, ಮುಚ್ಚಿದರೆ ಕುಲುಮೆ. ಗಂಟಲು ಒಣಗುತ್ತದೆ, ಕುಡಿಯುವ ಹಾಗಿಲ್ಲ. ಹವಾನಿಯಂತ್ರಣವು ಶ್ರೀಮಂತರ ಚಪಲವೆಂಬ ಮಾತು ಇನ್ನೂ ಕೆಲವು ಹಿರಿಯರ ಬಾಯಲ್ಲಿದೆ. ಆ ಮಾತನ್ನು ಆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಆಡುವುದು ಕಷ್ಟ.

ಹಿಂದಿನ ಬೇಸಗೆಯಲ್ಲಿಯೇ ತಂಪು ಕಡಮೆಯಾಗಿತ್ತು. ಮಾಲೂರಿನಲ್ಲಿ ನೆಂಟರ ಮನೆಗೆ ಹೋಗಿದ್ದಾಗ ಅಲ್ಲಿನ ಒಂದು ಗ್ಯಾರೇಜಿನಲ್ಲಿ ತೋರಿಸಿದರು. "ಗ್ಯಾಸು ಖಾಲಿ ಸಾರ್" ಎಂದು ಹೇಳಿ, ತುಂಬಿಸಿ, ೧,೫೦೦ ರೂಪಾಯಿ ಪಡೆದರು. ಇಪ್ಪತ್ತು ದಿನ ಹಿಮಾಲಯದಂತಿತ್ತು. ಆಮೇಲೆ ಮೊದಲಿನ ಹಾಡು. ಈ ಬೇಸಗೆಯಲ್ಲಿ ಕೋಲಾರದಲ್ಲಿ ಎರಡು ಬಾರಿ ತುಂಬಿಸಿದ್ದಾಯಿತು. ಎರಡನೆಯ ಸಲ ಹದಿನೈದು ದಿನವೂ ಬಾಳಲಿಲ್ಲ. ಹಾಲಿನವನ ಲೆಕ್ಕದಂತೆ ಗ್ಯಾಸಿನ ಲೆಕ್ಕವನ್ನೂ ಗೋಡೆಯ ಮೇಲೆ ಬರೆಯಬೇಕಾದೀತೆಂದು ಮೇಷ್ಟರ ಹೆಂಡತಿ ನಕ್ಕರು. ಮೇಷ್ಟರಿಗೆ ನಗು ಬರಲಿಲ್ಲ.

ಯಾರೋ ಮುಳಬಾಗಿಲಿನ ಒಬ್ಬ ಮೇಸ್ತ್ರಿಯ ಹೆಸರು ಹೇಳಿದರು. ವಿಜಯನಗರದ ಅರಸರ ಕಾಲಕ್ಕೆ ಮೂಡಲ ಬಾಗಿಲಾಗಿದ್ದ ಆ ಊರು ಈಗಲೂ ಬೆಂಗಳೂರು–ಚೆನ್ನೈ ಹೆದ್ದಾರಿಯ ಬಾಗಿಲೇ. ದೋಸೆಗಾಗಿ ಅಲ್ಲಿ ನಿಲ್ಲುವ ಕಾರುಗಳಲ್ಲಿ ಕೆಲವು ದುರಸ್ತಿಗಾಗಿಯೂ ನಿಲ್ಲುತ್ತವೆ. ಮೇಸ್ತ್ರಿ ಅರವತ್ತು ದಾಟಿದವರು. ಎಲ್ಲರೂ ಭಾಯಿ ಎನ್ನುತ್ತಾರೆ. ಅವರ ತಂದೆ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಕೋಲಾರದ ಸೀಮೆಗೆ ತಂಪುಯಂತ್ರ ಹೊಸದೇನೂ ಅಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಚಾಂಪಿಯನ್ ರೀಫ್ ಗಣಿ ೩ ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದಾಗ ಕೆಳಗಿನ ಬಂಡೆಯ ಕಾವು ೬೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟಿತ್ತು. ತಂಪುಗೊಳಿಸಿದ ಗಾಳಿಯನ್ನು ಕೆಳಕ್ಕೆ ಇಳಿಸದೆ ಅಲ್ಲಿ ಮನುಷ್ಯ ಕೆಲಸ ಮಾಡುವಂತಿರಲಿಲ್ಲ. ಕಾರಿನಲ್ಲಿ ತಂಪು ಎಂಬುದನ್ನು ಕೋಲಾರದ ಪೇಟೆ ಕಾಣುವುದಕ್ಕೆ ಬಹಳ ಮೊದಲೇ ಗಣಿಯ ಕಾರ್ಮಿಕನ ಬೆವರು ಅದನ್ನು ಕಂಡಿತ್ತು. ಆ ಗಣಿಗಳು ೨೦೦೧ರಲ್ಲಿ ಮುಚ್ಚಿದವು.

ಭಾಯಿ ಕಾರಿನ ಮುಚ್ಚಳವನ್ನೂ ಎತ್ತದೆ ಮೊದಲು ಒಂದು ಪ್ರಶ್ನೆ ಕೇಳಿದರು.

"ಮೂರು ಸಲ ತುಂಬ್ಸಿದ್ದೀರಿ. ಗ್ಯಾಸು ಎಲ್ಲಿ ಹೋಯ್ತು ಮೇಷ್ಟ್ರೇ?"

"ಖಾಲಿಯಾಯಿತು ಅಂದರು."

"ಖಾಲಿಯಾಗೋಕೆ ಅದೇನು ಪೆಟ್ರೋಲೇ? ಉರಿಯೋ ವಸ್ತು ಖಾಲಿಯಾಗ್ತದೆ. ಇದು ಸುತ್ತೋ ವಸ್ತು. ಸುತ್ತೋದು ತಾನಾಗಿ ಎಲ್ಲಿ ಹೋಗ್ತದೆ?"

ಪಾಠ ಹೇಳುವವರಿಗೆ ಪಾಠವಾಯಿತು. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಕಾವನ್ನು ಹೊತ್ತುಕೊಂಡು ಹೋಗುತ್ತದೆಂದು ಮೇಷ್ಟರು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಾರೆ. ಕಾರಿನಲ್ಲಿ ನಡೆಯುವುದೂ ಅದೇ. ವ್ಯತ್ಯಾಸವಿಷ್ಟೆ: ಹೂಜಿಯ ಆವಿ ಗಾಳಿಯಲ್ಲಿ ಕರಗಿಹೋಗುತ್ತದೆ; ಕಾರಿನ ಆವಿಯನ್ನು ಹಿಡಿದು ಮತ್ತೆ ದ್ರವ ಮಾಡಿ ಮತ್ತೆ ಆವಿಗೆ ಕಳಿಸುತ್ತಾರೆ. ಇದಕ್ಕೆ ಬಳಸುವ ಶೀತಕ ದ್ರವ ಬಯಲು ಗಾಳಿಯಲ್ಲಿ ಸೊನ್ನೆಗಿಂತ ೨೬ ಡಿಗ್ರಿ ಕೆಳಗೇ ಕುದಿಯುವಂಥದು. ಡ್ಯಾಷ್ ಬೋರ್ಡಿನ ಹಿಂದೆ ಅಡಗಿರುವ ಕೊಳವೆಗಳಲ್ಲಿ ಅದು ಕುದಿದು ಒಳಗಿನ ಗಾಳಿಯ ಕಾವನ್ನು ಹೀರುತ್ತದೆ. ಇಂಜಿನ್ನಿನ ಬಲದಿಂದ ತಿರುಗುವ ಕಂಪ್ರೆಸರು ಆ ಆವಿಯನ್ನು ಒತ್ತಿ ಬಿಸಿ ಮಾಡಿ, ಕಾರಿನ ಮೂತಿಯಲ್ಲಿ ರೇಡಿಯೇಟರಿನ ಮುಂದೆ ನಿಂತಿರುವ ಕಂಡೆನ್ಸರಿಗೆ ನೂಕುತ್ತದೆ. ಅಲ್ಲಿ ಕಾವನ್ನು ಹೊರಗಿನ ಗಾಳಿಗೆ ಒಪ್ಪಿಸಿ ದ್ರವವಾಗಿ ಮರಳುತ್ತದೆ. ರಬ್ಬರಿನ ಕೊಳವೆಗಳಿಂದ ವರ್ಷಕ್ಕೆ ಕೆಲವು ಗ್ರಾಂ ಜಿನುಗುವುದು ಸಹಜ. ಹದಿನೈದು ದಿನಕ್ಕೆ ಬರಿದಾಗುವುದು ಸಹಜವಲ್ಲ. ಗ್ಯಾಸು ಹೋಗಿದೆಯೆಂದರೆ ತೂತು ಇದೆಯೆಂದೇ ಅರ್ಥ. ತೂತನ್ನು ಹುಡುಕದೆ ತುಂಬುವುದು ಸೋರುವ ಕೊಡಕ್ಕೆ ನೀರು ಸೇದಿದಂತೆ.

ಭಾಯಿ ಎರಡು ಮುಳ್ಳಿನ ಮೀಟರನ್ನು ಹಚ್ಚಿದರು. ಇಂಜಿನ್ ನಿಂತಿತ್ತು. ಹೊರಗೆ ೩೫ ಡಿಗ್ರಿ. ಮುಳ್ಳು ೪೦ ಪೌಂಡಿನಲ್ಲಿ ನಿಂತಿತು. ಇಲ್ಲೊಂದು ಸೂಕ್ಷ್ಮವಿದೆ. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಸಾಕು, ನಿಂತ ಕಾರಿನ ಒತ್ತಡವನ್ನು ಹವೆಯ ಕಾವೇ ನಿರ್ಧರಿಸುತ್ತದೆ; ೩೫ ಡಿಗ್ರಿಯಲ್ಲಿ ಅದು ೧೧೫ ಪೌಂಡಿನ ಆಸುಪಾಸು ಇರಬೇಕು. ತುಂಬಿದ ಕಾರೂ ಅಷ್ಟೇ ತೋರಿಸುತ್ತದೆ, ಅರ್ಧ ತುಂಬಿದ ಕಾರೂ ಅಷ್ಟೇ ತೋರಿಸುತ್ತದೆ. ಆದ್ದರಿಂದ ನಿಂತ ಮುಳ್ಳನ್ನು ನೋಡಿ "ಗ್ಯಾಸು ಸರಿಯಾಗಿದೆ" ಎನ್ನುವವನನ್ನು ನಂಬಬಾರದು. ಮುಳ್ಳು ಅದಕ್ಕಿಂತ ಕೆಳಗಿದೆಯೆಂದರೆ ಮಾತ್ರ ದ್ರವದ ಹನಿಯೂ ಉಳಿದಿಲ್ಲ, ಬರಿಯ ಆವಿ ಇದೆಯೆಂದು ನಿಶ್ಚಯವಾಗಿ ಹೇಳಬಹುದು. ಎಷ್ಟು ತುಂಬಿದೆಯೆಂದು ತಿಳಿಯುವುದಕ್ಕೆ ತಕ್ಕಡಿಯೊಂದೇ ದಾರಿ. ಮೂರು ಬಾರಿಯೂ ಯಾರೂ ತೂಕ ಹಾಕಿರಲಿಲ್ಲ. ಈ ಕಾರಿಗೆ ೪೦೦ ಗ್ರಾಂ ಬೇಕೆಂದು ಮುಚ್ಚಳದ ಒಳಗಡೆಯ ಚೀಟಿಯಲ್ಲಿ ಅಚ್ಚಾಗಿಯೇ ಇತ್ತು.

ಅಷ್ಟರಲ್ಲಿ ಭಾಯಿಯ ಬೆರಳು ಒಂದು ಸಣ್ಣ ತಂತಿಯ ಮೇಲೆ ನಿಂತಿತು. ಅವರ ಮುಖ ಕಪ್ಪಿಟ್ಟಿತು. ಒತ್ತಡ ತೀರ ಇಳಿದಾಗ ಕಂಪ್ರೆಸರನ್ನು ನಿಲ್ಲಿಸಲೆಂದು ಒಂದು ಸ್ವಿಚ್ಚು ಇರುತ್ತದೆ. ಯಾರೋ ಪುಣ್ಯಾತ್ಮರು ಅದರ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ, ಗ್ಯಾಸಿದ್ದರೂ ಇಲ್ಲದಿದ್ದರೂ ಯಂತ್ರ ತಿರುಗುವಂತೆ ಮಾಡಿದ್ದರು. ಕಂಪ್ರೆಸರಿಗೆ ಜಾರುಕ ಎಣ್ಣೆಯನ್ನು ಹೊತ್ತು ತರುವುದೂ ಅದೇ ಗ್ಯಾಸು. ಗ್ಯಾಸಿಲ್ಲದೆ ತಿರುಗಿದರೆ ಎಣ್ಣೆಯಿಲ್ಲದ ಗಾಣ. ಇನ್ನು ಕೆಲವು ದಿನ ಕಳೆದಿದ್ದರೆ ಕಂಪ್ರೆಸರು ಕಚ್ಚಿಕೊಂಡು, ಪುಡಿಯಾದ ಲೋಹ ಕೊಳವೆಗಳಲ್ಲೆಲ್ಲ ಹರಡಿ, ದುರಸ್ತಿಯ ಖರ್ಚು ಕಾರಿನ ಬೆಲೆಯ ಹತ್ತಿರಕ್ಕೆ ಬರುತ್ತಿತ್ತು. ಭಾಯಿ ಆ ತಂತಿಯನ್ನು ಕಿತ್ತು ಮೇಷ್ಟರ ಅಂಗೈಯಲ್ಲಿಟ್ಟರು.

ಹುಡುಕಾಟ ಶುರುವಾಯಿತು. ಮೊದಲು ಕಣ್ಣು. ಗ್ಯಾಸು ಸೋರಿದಲ್ಲಿ ಎಣ್ಣೆಯೂ ಜಿನುಗುತ್ತದೆ. ಎಣ್ಣೆ ಜಿನುಗಿದಲ್ಲಿ ಧೂಳು ಅಂಟುತ್ತದೆ. ಕೋಲಾರದ ಕೆಂಪು ಧೂಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಗ್ಯಾಸು ತುಂಬುವ ಬಾಯಿಯ ಸುತ್ತ ಕೆಸರು ಕಟ್ಟಿತ್ತು. ಅದರ ಮುಚ್ಚಳವೂ ಇರಲಿಲ್ಲ. ತುಂಬಿದವರು ಎಲ್ಲಿಯೋ ಬೀಳಿಸಿದ್ದರು. ಸೈಕಲ್ ಟ್ಯೂಬಿನಲ್ಲಿರುವಂಥ ಒಂದು ಸಣ್ಣ ವಾಲ್ವು ಅಲ್ಲಿರುತ್ತದೆ. ಅದರ ಮೇಲಿನ ಮುಚ್ಚಳ ಅಲಂಕಾರಕ್ಕಲ್ಲ, ಅದೂ ಒಂದು ಕಾವಲು. ಭಾಯಿ ಸೋಪಿನ ನೊರೆ ಹಚ್ಚಿದರು. ಸಾಸಿವೆಯಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು.

"ಸಿಕ್ಕಿತು" ಎಂದು ಮೇಷ್ಟರು ಎದ್ದು ನಿಂತರು.

"ಕೂತ್ಕೊಳ್ಳಿ ಮೇಷ್ಟ್ರೇ. ಒಂದು ತೂತು ಸಿಕ್ತು ಅಷ್ಟೆ."

ಗ್ಯಾಸು ತುಂಬಿಸಿಕೊಂಡು ಮೋಸಹೋಗುವವರಿಗಿಂತ, ಮೊದಲ ತೂತು ಸಿಕ್ಕಿದ ಸಂತೋಷದಲ್ಲಿ ಮೋಸಹೋಗುವವರು ಹೆಚ್ಚು. ಭಾಯಿ ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಂಡರು, ವಾಲ್ವು ಬದಲಿಸಿದರು, ಎಣ್ಣೆಯ ಜೊತೆ ಒಂದು ಬಗೆಯ ಬಣ್ಣವನ್ನು ಸೇರಿಸಿ, ತೂಕ ಹಾಕಿ ಅರ್ಧದಷ್ಟು ಗ್ಯಾಸು ತುಂಬಿ, ನಾಲ್ಕು ದಿನ ಓಡಿಸಿ ರಾತ್ರಿಯ ಹೊತ್ತು ಬರಬೇಕೆಂದರು. ಸೋರುವುದೆಂದು ತಿಳಿದೂ ತುಂಬುವುದನ್ನು ನಿಯಮನಿಷ್ಠರು ಒಪ್ಪಲಾರರು. ಆದರೆ ಗಾಯ ಎಲ್ಲಿದೆಯೆಂದು ತಿಳಿಯದೆ ಕಾರಿನ ಭಾಗಗಳನ್ನೆಲ್ಲ ಒಂದೊಂದಾಗಿ ಬದಲಿಸುವುದಕ್ಕಿಂತ ಅದು ವಾಸಿ.

ಈ ಗ್ಯಾಸಿನ ಹಿಂದೆ ಒಂದು ಕಥೆಯಿದೆ. ೧೯೩೦ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಎಂಬ ಎಂಜಿನಿಯರು ವಿಜ್ಞಾನಿಗಳ ಸಭೆಯಲ್ಲಿ ಹೊಸ ಶೀತಕವೊಂದನ್ನು ಎಲ್ಲರ ಎದುರಿಗೆ ಉಸಿರಿನೊಡನೆ ಒಳಗೆಳೆದುಕೊಂಡು, ಉರಿಯುವ ಮೇಣದ ಬತ್ತಿಯ ಮೇಲೆ ಊದಿ ಆರಿಸಿದನು. ವಿಷವೂ ಅಲ್ಲ, ಉರಿಯುವುದೂ ಇಲ್ಲ ಎಂಬುದಕ್ಕೆ ಅದು ಸಾಕ್ಷಿ. ಆರ್-೧೨ ಮುಂತಾದ ಆ ಕುಲದ ಅನಿಲಗಳು ಮನೆಮನೆಯ ರೆಫ್ರಿಜರೇಟರಿಗೂ ಕಾರಿಗೂ ಬಂದವು. ಆ ಕಾಲದ ಮೇಸ್ತ್ರಿಗಳಿಗೆ ಸೋರಿಕೆ ಹುಡುಕಲು ಒಂದು ಸೊಗಸಾದ ಉಪಾಯವಿತ್ತು: ತಾಮ್ರದ ತಗಡಿನ ಮೇಲೆ ಉರಿಯುವ ಪುಟ್ಟ ಜ್ವಾಲೆಯನ್ನು ಕೊಳವೆಯ ಬಳಿ ಹಿಡಿದರೆ, ಸೋರುವ ಗ್ಯಾಸಿನ ಕ್ಲೋರಿನ್ನಿನಿಂದ ಜ್ವಾಲೆ ಹಸುರಾಗುತ್ತಿತ್ತು. ಭಾಯಿಯೂ ಹುಡುಗನಾಗಿದ್ದಾಗ ಆ ದೀಪವನ್ನು ಹಿಡಿದವರೇ. ಆದರೆ ಆ ಕ್ಲೋರಿನ್ ಮೇಲಕ್ಕೇರಿ ಭೂಮಿಗೆ ಕೊಡೆಯಂತಿರುವ ಓಜೋನ್ ಪದರವನ್ನು ತಿನ್ನುತ್ತದೆಂದು ಮೊಲೀನಾ ಮತ್ತು ರೋಲೆಂಡ್ ೧೯೭೪ರಲ್ಲಿ ತೋರಿಸಿದರು. ೧೯೮೭ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ ೧೯೯೨ರಲ್ಲಿ ಅದಕ್ಕೆ ಸೇರಿತು. ಉಬ್ಬಸದ ರೋಗಿಗಳ ಔಷಧದ ಬಳಕೆಯೊಂದನ್ನು ಬಿಟ್ಟು ೨೦೦೮ರ ಆಗಸ್ಟ್ ೧ರಿಂದ ಇಲ್ಲಿ ಆ ಅನಿಲಗಳ ತಯಾರಿಕೆ ನಿಂತಿತು. ಅದರ ಜಾಗಕ್ಕೆ ಬಂದ ಆರ್-೧೩೪ಎ ಎಂಬುದರಲ್ಲಿ ಕ್ಲೋರಿನ್ ಇಲ್ಲ. ಹಾಗಾಗಿ ಹಸುರು ಜ್ವಾಲೆಯೂ ಇಲ್ಲ. ಓಜೋನಿಗೆ ಅದರಿಂದ ಕೇಡಿಲ್ಲವಾದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ೧,೪೩೦ ಪಾಲು ಬಲವಾದದ್ದು. ಹೊಸ ಕಾರುಗಳಲ್ಲಿ ಹಲವಕ್ಕೆ ಬೇರೆಯ, ಮೃದುವಾದ ಅನಿಲ ಬಂದಿದೆ. ಮೇಷ್ಟರು ಆ ರಾತ್ರಿ ಲೆಕ್ಕ ಹಾಕಿ ನೋಡಿದರು. ೪೦೦ ಗ್ರಾಂ ಒಮ್ಮೆ ಸೋರಿಹೋದರೆ ಸುಮಾರು ೨೫೦ ಲೀಟರ್ ಪೆಟ್ರೋಲು ಸುಟ್ಟ ಹೊಗೆಗೆ ಸಮ. ಅಷ್ಟು ಪೆಟ್ರೋಲಿನಲ್ಲಿ ಶ್ರೀನಿವಾಸಪುರದಿಂದ ಕೋಲಾರಕ್ಕೆ ತೊಂಬತ್ತು ಸಲ ಹೋಗಿ ಬರಬಹುದಿತ್ತು.

ನಾಲ್ಕು ದಿನ ಕಳೆದು ರಾತ್ರಿ ಎಂಟು ಗಂಟೆಗೆ ಕಾರು ಮತ್ತೆ ಮುಳಬಾಗಿಲಿಗೆ ಬಂತು. ಭಾಯಿ ದೀಪಗಳನ್ನು ಆರಿಸಿದರು. ಹಳದಿ ಕನ್ನಡಕ ಹಾಕಿಕೊಂಡು ನೇರಳಾತೀತ ಕಿರಣದ ಟಾರ್ಚನ್ನು ಕಾರಿನ ಮೂತಿಯ ಮೇಲೆ ಆಡಿಸಿದರು. ಬದಲಿಸಿದ ವಾಲ್ವು ಕತ್ತಲಾಗಿಯೇ ಇತ್ತು. ಒಳಗಿನ ನೀರು ಹೊರಬೀಳುವ ಕೊಳವೆಯ ತುದಿಯೂ ಕತ್ತಲೆ. ಅಲ್ಲಿ ಬಣ್ಣ ಕಂಡಿದ್ದರೆ ಡ್ಯಾಷ್ ಬೋರ್ಡನ್ನೆಲ್ಲ ಬಿಚ್ಚಬೇಕಾಗುತ್ತಿತ್ತು. ಆದರೆ ಬಂಪರಿನ ಮರೆಯಲ್ಲಿ, ಕಂಡೆನ್ಸರಿನ ಕೆಳಗಿನ ಮೂಲೆಯಲ್ಲಿ, ಮಿಣುಕುಹುಳದಂತೆ ಹಸುರು ಮಿಶ್ರಿತ ಹಳದಿಯ ಒಂದು ಗೆರೆ ಹೊಳೆಯಿತು. ಹಗಲಿನಲ್ಲಿ ನೋಡಿದರೆ ಅಲ್ಲಿ ಜಲ್ಲಿಯ ಕಲ್ಲು ಬಡಿದ ಒಂದು ಚುಕ್ಕೆ. ಸೋಪಿನ ನೊರೆ ಅಲ್ಲಿಗೆ ತಲುಪುವಂತೆಯೇ ಇರಲಿಲ್ಲ.

"ಇದಕ್ಕೆ ಏನಾದರೂ ಮೆತ್ತಿದರೆ ಆಗದೇ ಭಾಯಿ?" ಎಂದರು ಮೇಷ್ಟರು. ಕಂಡೆನ್ಸರು, ಕೆಲಸ, ಗ್ಯಾಸು ಎಲ್ಲ ಸೇರಿ ೭,೮೦೦ ರೂಪಾಯಿ ಎಂದು ಕೇಳಿದ ಮೇಲಿನ ಪ್ರಶ್ನೆ ಅದು.

"ಮಾಲೂರು ಹೆಂಚಿಗೆ ಬಿದ್ದ ತೂತಾದ್ರೆ ಮೆತ್ತಬಹುದು. ಬಿಸಿಲಲ್ಲಿ ಇದರೊಳಗೆ ಇನ್ನೂರು ಪೌಂಡು ಮೀರಿ ಒತ್ತಡ ಇರ್ತದೆ. ಮೆತ್ತಿ ಕೊಡ್ತೀನಿ, ದುಡ್ಡೂ ತಗೋತೀನಿ. ಅಮ್ಮನ್ನ ಕೂರಿಸ್ಕೊಂಡು ದಾರಿಯಲ್ಲಿ ನೀವು ನನ್ನ ನೆನೆಸ್ಕೋತೀರಿ."

ಒಳಗಿನಿಂದ ತೂತು ಮುಚ್ಚುವ ಔಷಧವೆಂದು ಡಬ್ಬಿಗಳಲ್ಲಿ ಮಾರುವುದುಂಟು. ಅದು ತೂತನ್ನು ಮುಚ್ಚುವುದರ ಜೊತೆಗೆ ಸಣ್ಣ ವಾಲ್ವುಗಳನ್ನೂ ಮುಚ್ಚಬಲ್ಲದು. ಅಗ್ಗವೆಂದು ಅಡುಗೆಯ ಅನಿಲದ ಜಾತಿಯ ಗ್ಯಾಸನ್ನು ತುಂಬುವವರೂ ಇದ್ದಾರೆ. ತಣ್ಣಗೇನೋ ಮಾಡುತ್ತದೆ. ಆದರೆ ಸೋರುವ ಕಾರಿನೊಳಗೆ ಉರಿಯುವ ಅನಿಲವನ್ನು ಕೂಡಿಸಿಕೊಂಡು ಕಿಟಕಿ ಮುಚ್ಚಿ ಪ್ರಯಾಣ ಮಾಡುವ ಧೈರ್ಯಕ್ಕೆ ಏನೆನ್ನಬೇಕು! ಮೇಷ್ಟರು ಮನೆಯ ಕಾಂಪೌಂಡಿನ ಸುಣ್ಣಬಣ್ಣಕ್ಕೆಂದು ಇಟ್ಟಿದ್ದ ಹಣವನ್ನು ತಂದರು.

ಕಂಡೆನ್ಸರು ಬದಲಾಯಿತು, ತೇವ ಹೀರುವ ಸೋಸುಕವೂ ಅದರೊಡನೆಯೇ ಹೊಸದಾಯಿತು. ಜೋಡಣೆಯ ರಬ್ಬರಿನ ಉಂಗುರಗಳನ್ನು ಎಣ್ಣೆಯಲ್ಲಿ ಅದ್ದಿ ಕೂಡಿಸಿದರು. ಸಂಜೆ ಒಣ ನೈಟ್ರೋಜನ್ನನ್ನು ೧೫೦ ಪೌಂಡಿಗೆ ತುಂಬಿ ರಾತ್ರಿಯೆಲ್ಲ ಹಾಗೆಯೇ ಬಿಟ್ಟರು. ಇಂಥ ಪರೀಕ್ಷೆಗೆ ಆಮ್ಲಜನಕವನ್ನು ಎಂದಿಗೂ ಬಳಸಬಾರದು; ಎಣ್ಣೆಯೊಡನೆ ಕೂಡಿದರೆ ಸಿಡಿಯುತ್ತದೆ. ಬೆಳಗ್ಗೆ ಬಂದು ನೋಡಿದರೆ ಮುಳ್ಳು ೧೪೫. ಮೇಷ್ಟರ ಎದೆ ಧಸಕ್ಕೆಂದಿತು.

"ರಾತ್ರಿ ತಂಪಾಗಿತ್ತಲ್ಲ ಮೇಷ್ಟ್ರೇ" ಎಂದು ಭಾಯಿ ಚಹಾ ಹೀರಿದರು.

ಮೇಷ್ಟರು ಚೀಟಿಯ ಮೇಲೆ ಬರೆದರು. ಸಂಜೆ ೩೫ ಡಿಗ್ರಿ, ಬೆಳಗ್ಗೆ ೨೫. ಮುಚ್ಚಿದ ಪಾತ್ರೆಯ ಅನಿಲದ ಒತ್ತಡ ಕಾವಿನೊಡನೆ ಇಳಿಯಬೇಕು. ಲೆಕ್ಕದಲ್ಲಿ ಬಂದದ್ದು ಐದು ಪೌಂಡು ಮತ್ತು ಸ್ವಲ್ಪ. ಸೋರಿಕೆಯಿಲ್ಲ! ಇಪ್ಪತ್ತು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತಿದ್ದ ನಿಯಮವು ಒಮ್ಮೆ ಅವರ ಮನೆಯ ಕೆಲಸಕ್ಕೆ ಬಂತು. ಭಾಯಿ ಆ ನಿಯಮದ ಹೆಸರನ್ನು ಕೇಳಿದವರಲ್ಲ. ಫಲವನ್ನು ಮಾತ್ರ ಚೆನ್ನಾಗಿ ಬಲ್ಲರು.

ಆಮೇಲೆ ನಿರ್ವಾತ ಪಂಪು ಮುಕ್ಕಾಲು ಗಂಟೆ ಓಡಿತು. ಒಳಗಿನ ಗಾಳಿಯನ್ನು ತೆಗೆಯುವುದಷ್ಟೇ ಅದರ ಕೆಲಸವಲ್ಲ. ಒತ್ತಡ ವಾಯುಮಂಡಲದ ಇಪ್ಪತ್ತನಾಲ್ಕನೆಯ ಒಂದು ಪಾಲಿಗೆ ಇಳಿದರೆ ನೀರು ೩೦ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಕೊಳವೆಯಲ್ಲಿ ಅಡಗಿದ ತೇವ ಹಾಗೆ ಕುದಿದು ಹೊರಬೀಳುತ್ತದೆ. ಉಳಿದರೆ ಅದು ಒಳಗೆ ಮಂಜಾಗಿ ದಾರಿಯನ್ನು ಕಟ್ಟುತ್ತದೆ, ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಹಿಂದೆ ತುಂಬಿದವರು ಯಾರೂ ಈ ಮುಕ್ಕಾಲು ಗಂಟೆಯನ್ನು ಕೊಟ್ಟಿರಲಿಲ್ಲ. ಕಡೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ೪೦೦ ಗ್ರಾಂ ಇಳಿಯುವವರೆಗೆ ತುಂಬಿದರು. ಹೊರಗೆ ೩೭ ಡಿಗ್ರಿ ಇದ್ದಾಗ ಕಾರಿನೊಳಗಿನ ಜಾಲರಿಯಿಂದ ಬಂದ ಗಾಳಿ ೮ ಡಿಗ್ರಿಯಿತ್ತು. ವಾಲ್ವಿನ ಬಾಯಿಗೆ ಭಾಯಿ ಹೊಸ ಮುಚ್ಚಳವನ್ನು ತಿರುಗಿಸಿ ಬಿಗಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮರುದಿನ ಆಸ್ಪತ್ರೆಯ ದಿನ. ಮಧ್ಯಾಹ್ನ ಹೊರಟವರು ಕೋಲಾರ ತಲುಪಿದಾಗ ತಾಯಿಯ ಕೈಯಲ್ಲಿದ್ದ ನೀರಿನ ಸೀಸೆಯ ಮುಚ್ಚಳ ತೆರೆದಿರಲಿಲ್ಲ. ಅಂತರಗಂಗೆಯ ಬೆಟ್ಟ ಬಿಸಿಲಿನಲ್ಲಿ ಬೆಳ್ಳಗೆ ಕಾಣುತ್ತಿತ್ತು. ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿ ಎದ್ದ ಮೇಲೆ ಆ ರೋಗಿಗಳಲ್ಲಿ ಅನೇಕರಿಗೆ ಮೈ ನಡುಗುವುದುಂಟು. ಹಿಂದಿರುಗುವಾಗ ಮೇಷ್ಟರು ಉತ್ಸಾಹದಿಂದ ಗುಂಡಿಯನ್ನು ಒತ್ತಿದರು. ಊರ ಹೊರಗೆ ಬರುವಷ್ಟರಲ್ಲಿ ಹಿಂದಿನ ಸೀಟಿನಿಂದ ಧ್ವನಿ ಬಂತು.

"ಚಳಿ ಕಣಪ್ಪಾ, ಅದನ್ನ ಆರಿಸಿಬಿಡು."

ಮೇಷ್ಟರು ಆರಿಸಿ, ಕಿಟಕಿಯನ್ನು ಒಂದು ಅಂಗುಲ ಇಳಿಸಿದರು. ಯಾವುದೋ ಮಂಡಿಯ ಲಾರಿ ಮುಂದೆ ಹೋಗುತ್ತಿತ್ತು. ಗಾಳಿಯಲ್ಲಿ ಮಾವಿನ ವಾಸನೆಯಿತ್ತು.